ಎಂಜಲು ಕಳಿಸಿ, ಊಟದ ಭವಿಷ್ಯ ತಿಳಿಯಿರಿ

ವಿಜ್ಞಾನ ಎಲ್ಲಿಗೆ ಬಂತು ನೋಡಿ! ಕೊಳವೆಯೊಳಗೆ ಉಗುಳಿ ಡಿಎನ್ಎ ಪರೀಕ್ಷೆಗೆ ಕಳಿಸಿದರೆ ಸಾಕು, ಏನು ತಿನ್ನಬೇಕು, ಏನು ಬಿಡಬೇಕು ಅಂತ ಬಣ್ಣಬಣ್ಣದ ವರದಿ ಬರುತ್ತದೆ. ಜಾತಕಕ್ಕಾದರೆ ಹುಟ್ಟಿದ ಹೊತ್ತು ಬೇಕಿತ್ತು, ಇದಕ್ಕೆ ಬರೀ ಎಂಜಲು.

ಆ ವರದಿಯಲ್ಲಿ ಎಫ್‌ಟಿಒ ಅನ್ನುವ ಜೀನಿನ ಹೆಸರು ಹೆಚ್ಚಾಗಿ ಇರುತ್ತದೆ. ಬೊಜ್ಜಿನ ಜೀನ್ ಅಂತ 2007ರಲ್ಲಿ ಹೆಸರು ಮಾಡಿದ ಮಹಾನುಭಾವ. ಪ್ರತಾಪ ಎಷ್ಟು ಗೊತ್ತಾ? ಅಪ್ಪ ಅಮ್ಮ ಇಬ್ಬರಿಂದಲೂ ಅದರ ಕೆಟ್ಟ ರೂಪ ಪಡೆದವರು, ಒಂದನ್ನೂ ಪಡೆಯದವರಿಗಿಂತ ಸರಾಸರಿ ಸುಮಾರು 3 ಕಿಲೋ ಜಾಸ್ತಿ ತೂಗುತ್ತಾರೆ. ಅಷ್ಟೇ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರಲ್ಲಿ ಅರ್ಧದಷ್ಟು ಮಂದಿಗೆ ಕೊಬ್ಬು ಕಡಿಮೆ, ಉಳಿದವರಿಗೆ ಕಾರ್ಬ್ (ಪಿಷ್ಟ, ಸಕ್ಕರೆ) ಕಡಿಮೆ ಮಾಡಿಸಿ ವರ್ಷವಿಡೀ ನೋಡಿದರು. ಯಾರಿಗೆ ಯಾವ ಊಟದಿಂದ ತೂಕ ಇಳಿಯುತ್ತದೆ ಅಂತ ಜೀನ್ ನೋಡಿ ಹೇಳಲು ಆಗಲಿಲ್ಲ. ಎಂಜಲು ವ್ಯಾಪಾರದವರು ಆವತ್ತು ರಜೆಯಲ್ಲಿದ್ದರೇನೋ.

ಇನ್ನು ನಮ್ಮ ಇಲಿರಾಯರು. ಪ್ರಯೋಗಾಲಯಗಳ ಪ್ರೀತಿಯ ಕಪ್ಪು ಇಲಿ, 'ಬ್ಲ್ಯಾಕ್ ಸಿಕ್ಸ್'. ಅದಕ್ಕೆ ಹಾಕುವ ಮೇವಿನಲ್ಲಿ ಕೆಲವೊಮ್ಮೆ 60% ಕ್ಯಾಲೊರಿ ಬರೀ ಕೊಬ್ಬಿನದು. ಪಾಪ, ದಪ್ಪ ಆಗದೆ ಇನ್ನೇನು ಮಾಡುತ್ತದೆ? ಆಮೇಲೆ ಅದರ ಲಿವರ್ ಅರೆದು ಜೀನಿನ ಅಪ್ಪಣೆಯಂತೆ ದೇಹವೇ ಕಟ್ಟಿಕೊಂಡ ಸಾವಿರಾರು ಪ್ರೋಟೀನ್ ಅಳೆಯುತ್ತಾರೆ. ಒಂದು ಏರಿರುತ್ತದೆ, ಒಂದು ಇಳಿದಿರುತ್ತದೆ. ಮರುದಿನ ಪೇಪರಿನಲ್ಲಿ 'ಬೊಜ್ಜಿನ ಗುಟ್ಟು ರಟ್ಟು!' 'ಇಲಿಗಳಲ್ಲಿ' ಅನ್ನುವ ಮಾತು ಕೊನೇ ಸಾಲಿನಲ್ಲಿ, ಇದ್ದರೆ. ಎ/ಜೆ ಅಂತ ಇನ್ನೊಂದು ತಳಿ ಇದೆ, ಅದೇ ಮೇವು ತಿಂದರೂ ಅಷ್ಟು ದಪ್ಪ ಆಗುವುದಿಲ್ಲ. ಅದರ ಫೋಟೋ ಮಾತ್ರ ಪೇಪರಿಗೆ ಬರುವುದಿಲ್ಲ ಬಿಡಿ.

ಜೀನಾ, ಊಟವಾ ಅಂತ ಟೀವಿಯಲ್ಲಿ ಕಿತ್ತಾಡುತ್ತಾರಲ್ಲ, ಅವೆರಡೂ ಸೇರಿ ಕೆಲಸ ಕೆಡಿಸುವುದು ಪ್ರೋಟೀನಿನ ಹತ್ತಿರ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹೊರಗೆ ನಿಂತು ಬಾಗಿಲು ತಟ್ಟಿದರೆ, ಸುದ್ದಿಯನ್ನು ಜೀವಕೋಶದ ಒಳಗೆ ದಾಟಿಸಲು ಐಆರ್‌ಎಸ್ ಅಂತ ಪ್ರೋಟೀನ್‌ಗಳಿವೆ. ಲಿವರ್‌ನಲ್ಲಿ ಕೊಬ್ಬು ತುಂಬಿದಾಗ ಇವುಗಳಿಗೆ ಬೇಡದ ಜಾಗದಲ್ಲಿ ಫಾಸ್ಫೇಟ್ ಅನ್ನುವ ಚಿಕ್ಕ ರಾಸಾಯನಿಕ ತುಣುಕು ಅಂಟಿಕೊಳ್ಳಬಹುದು. ಆಗ ಪ್ರೋಟೀನ್ ಇದ್ದಲ್ಲೇ ಇರುತ್ತದೆ, ಸುದ್ದಿ ಮಾತ್ರ ದಾಟುವುದಿಲ್ಲ. ಜೀನಿನಲ್ಲಿ ಒಂದಕ್ಷರವೂ ಬದಲಾಗಿಲ್ಲ! ಎಂಜಲಿನ ಡಿಎನ್ಎ ಜಾಲಾಡಿದರೆ ಇದು ಎಲ್ಲಿ ಸಿಗುತ್ತದೆ?

ಇಷ್ಟೆಲ್ಲ ಗೋಜಲು ಇದ್ದರೂ ಸಕ್ಕರೆ ಕಾಯಿಲೆ ಬಂದವರ ಮುಂದೆ ಎಲ್ಲರದೂ ಒಂದೇ ಮಾತು: 'ಸ್ವಲ್ಪ ಬಾಯಿ ಕಟ್ಟಬಾರದಿತ್ತಾ?' ಕೇಳಿ ಕೇಳಿ ರೋಸಿಹೋಗಿದೆ. ಕಾಯಿಲೆ ಸಾಲದು ಅಂತ ಅಪರಾಧಿ ಪಟ್ಟ ಬೇರೆ. ಅದನ್ನು ಕಟ್ಟುವವನು ಪಕ್ಕದಲ್ಲೇ ಕೂತು ಅದೇ ಊಟ ಉಂಡು ತೆಳ್ಳಗಿರುವ ಪುಣ್ಯಾತ್ಮ. ತೆಳ್ಳಗಿದ್ದರೂ ಲಿವರ್ ತುಂಬ ಕೊಬ್ಬು ಇರಬಹುದು ಅಂತ ಯಾರಾದರೂ ಅವನಿಗೆ ಹೇಳಿ ಮಾರಾಯ್ರೆ, ನನಗಂತೂ ಸಾಕಾಗಿದೆ.