ಸತ್ಯಾಂಶ: ಹಸುಗೂಸಿನ ಬಾಯಿಯ ಬಿಳಿ ಪದರಕ್ಕೆ ಜೇನು ಮದ್ದಲ್ಲ

“ಹಸುಗೂಸಿನ ಬಾಯಲ್ಲಿ ಬಿಳಿ ಪದರ ಬಂದರೆ ಔಷಧ ಬೇಡ, ಶುದ್ಧ ತುಡುವೆ ಜೇನು ಸವರಿದರೆ ಸಾಕು.” ಸಾಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಸಂದೇಶವನ್ನು ದಯವಿಟ್ಟು ನಂಬಬೇಡಿ.

ಒಂದು ವರ್ಷದೊಳಗಿನ ಮಗುವಿಗೆ ಜೇನನ್ನು ನೆಕ್ಕಿಸಲೂ ಬಾರದು. ಅದರಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಎಳೆಯ ಕರುಳಿನಲ್ಲಿ ಅವು ಮೊಳೆತು ವಿಷ ಉಂಟುಮಾಡಿದರೆ ಸ್ನಾಯುಗಳು ಸೋಲುತ್ತವೆ, ಉಸಿರಾಟವೇ ಕಷ್ಟವಾಗಬಹುದು. ಕಾಡಿನಿಂದ ಆಗಷ್ಟೇ ತಂದ ಜೇನಾದರೂ ಅಷ್ಟೇ. ಕಲಬೆರಕೆಗೂ ಇದಕ್ಕೂ ಸಂಬಂಧವಿಲ್ಲ.

ಬಿಳಿ ಪದರವು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಹೋದರೆ ಅದು ಬರೀ ಹಾಲು. ಹೋಗದೆ, ಕೆನ್ನೆಯ ಒಳಗೂ ಮೊಸರಿನ ಗರಣೆಯಂತೆ ಅಂಟಿಕೊಂಡಿದ್ದರೆ ಕ್ಯಾಂಡಿಡಾ ಶಿಲೀಂಧ್ರದ ಸೋಂಕಿರಬಹುದು. ಕೆರೆದು ತೆಗೆಯಬೇಡಿ, ವೈದ್ಯರಿಗೆ ತೋರಿಸಿ.

ಅವರು ಬರೆದುಕೊಡುವ ಔಷಧಗಳಲ್ಲಿ ನಿಸ್ಟಾಟಿನ್ ದ್ರವವೂ ಒಂದು. 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಇದನ್ನು ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದರು. ಇದು ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ತಾಗಿದ ಜಾಗದಲ್ಲಷ್ಟೇ ಕೆಲಸ. ಹಾಗಾಗಿ ಹಾಕುವ ಕ್ರಮವೇ ಮುಖ್ಯ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಹಾಲು ಕುಡಿಸಿದ ನಂತರ, ವೈದ್ಯರು ಹೇಳಿದಷ್ಟನ್ನು ಡ್ರಾಪರಿನಿಂದ ಎರಡೂ ಕೆನ್ನೆಗಳ ಒಳಗೆ ಹಂಚಿ ಬಿಡಬೇಕು. ದೊಡ್ಡವರಾದರೆ ಬಾಯಲ್ಲಿ ಆದಷ್ಟು ಹೊತ್ತು ಆಡಿಸಿ ನುಂಗಬೇಕು. ಬಿಳುಪು ಮಾಯವಾದ ದಿನವೇ ನಿಲ್ಲಿಸುವವರು ಬಹಳ. ಸಾಮಾನ್ಯವಾಗಿ ಇನ್ನೂ 48 ಗಂಟೆ ಮುಂದುವರಿಸಲು ಹೇಳುತ್ತಾರೆ.

ತಾಯಿಯ ಮೊಲೆತೊಟ್ಟು ಉರಿಯುತ್ತಿದ್ದರೆ ಅದನ್ನೂ ಸಂಕೋಚಪಡದೆ ಹೇಳಿ. ಆಕೆಗೂ ಸೋಂಕಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಬೇಕು.