ಹುಡ್ ತೆಗೆದರೆ ಊರೇ ಒಳಗೆ

ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಅಗ್ಗದಲ್ಲಿ ಒಂದು ಹಳೇ ಮಾಜ್ದಾ ಮಿಯಾಟಾ ಕೊಂಡ. 1989ರಲ್ಲಿ ಮೊದಲು ಬಂದ, ಎರಡೇ ಸೀಟಿನ ಪುಟ್ಟ ಕಾರು. ಚಿಲಕ ಬಿಚ್ಚಿ ಬಟ್ಟೆಯ ಟಾಪನ್ನು ಹಿಂದಕ್ಕೆ ತಳ್ಳಿದರೆ ಮುಗೀತು, ಆಕಾಶ ನಿಮ್ಮದು. ಭಾನುವಾರ ಸ್ಪ್ಯಾನರ್ ಹಿಡಿದು ಸುಮ್ನೆ ಏನಾದರೂ ಬಿಚ್ಚುತ್ತಾ ಕೂರುತ್ತಾನಂತೆ. ಫೋಟೊ ಬೇರೆ ಕಳಿಸಿದ.

ಹುಬ್ಬಳ್ಳಿಯಲ್ಲಿ ಟಾಪ್ ತೆಗೆಯುವ ಅಗ್ಗದ ಹಳೇ ಗಾಡಿ ಅಂದರೆ ಇನ್ನೇನಿದೆ? ಮಹೀಂದ್ರಾ ಜೀಪು. ನಾವು ಸಣ್ಣವರಿದ್ದಾಗ ಚುನಾವಣೆ ಬರುತ್ತಿದ್ದುದೂ ಅದರಲ್ಲೇ, ಟಾಕೀಸಿನಲ್ಲಿ ಸಿನಿಮಾ ಬದಲಾದ ಸುದ್ದಿ ಬರುತ್ತಿದ್ದುದೂ ಅದರಲ್ಲೇ. ಮೈಕು ಕಟ್ಟಿಕೊಂಡು ಮುಂದೆ ಜೀಪು, ಹಿಂದೆ ಹಾರುವ ಕರಪತ್ರ, ಅದರ ಹಿಂದೆ ನಾವು. ಆ ಜೀಪಿನೊಳಗೆ ಕೂರುವ ಯೋಗ ಮಾತ್ರ ಬಂದಿರಲಿಲ್ಲ. ಶಿಗ್ಗಾವಿ ಕಡೆಯ ಹೊಲವೊಂದರ ಬದುವಿನಲ್ಲಿ ಒಂದು ಸಿಕ್ಕಿತು. ಒಳಗೆ ಕೋಳಿಗಳಿದ್ದವು. ಮಾಲೀಕರು ಅವನ್ನು ಓಡಿಸಿ, "ಎಂಜಿನ್ ಗಟ್ಟಿ ಐತ್ರಿ, ಉಳಿದದ್ದು ನೀವು ನೋಡ್ಕೋರಿ" ಅಂದರು. ಉಳಿದದ್ದು ಅಂದರೆ ಗಾಡಿ.

ಎಂಜಿನ್ ಗಟ್ಟಿ ಇತ್ತು, ಸುಳ್ಳಲ್ಲ. ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ವಂಶದ ಡೀಸೆಲ್ ಎಂಜಿನ್ ಅದು. ಚಾಲೂ ಮಾಡಿದರೆ ಓಣಿಯವರು ಮರಳಿನ ಟ್ರ್ಯಾಕ್ಟರ್ ಬಂತು ಅಂತ ಹೊರಗೆ ಬರುತ್ತಾರೆ. ಡೀಸೆಲ್ ತಳ ಮುಟ್ಟಿದರೆ ಪೈಪಿನಲ್ಲಿ ಗಾಳಿ ಹಿಡಿದುಕೊಳ್ಳುತ್ತದೆ. ಆಮೇಲೆ ಬೋಲ್ಟು ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ಗುಳ್ಳೆ ನಿಲ್ಲುವ ತನಕ ಕಾಯಬೇಕು. ಇದೇ ನನ್ನ ಭಾನುವಾರದ ಹವ್ಯಾಸ. ಹವ್ಯಾಸ ಅಂದುಕೊಂಡದ್ದು ನಾನು. ಓಣಿಯವರಿಗೆ ಅದು ಸಾರ್ವಜನಿಕ ಕಾರ್ಯಕ್ರಮ. ಚಹಾ ಲೋಟ ಹಿಡಿದೇ ಬಂದು ನಿಲ್ಲುತ್ತಾರೆ. ಅದರಲ್ಲಿ ಒಬ್ಬರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬದುಕಿನಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ. "ಇನ್ನ ಅರ್ಧಾ ಸುತ್ತು ತಿರುವು" ಅಂತ ಅವರೇ ಹೇಳಬೇಕು.

ಇನ್ನು ಟಾಪಿನ ವಿಷಯ. ಮಿಯಾಟಾದವನು ಸಿಗ್ನಲ್ಲಿನಲ್ಲಿ ಕೆಂಪು ದೀಪ ಹಸಿರಾಗುವುದರೊಳಗೆ ಟಾಪ್ ಮುಚ್ಚುತ್ತಾನೆ. ನಮ್ಮ ಜೀಪಿನ ಟಾಪ್, ಅಂದರೆ ಹುಡ್, ತಾಡಪತ್ರಿಯದು. ಮೊದಲು ಕಬ್ಬಿಣದ ಕಮಾನು ನಿಲ್ಲಿಸಬೇಕು, ಮೇಲೆ ಬಟ್ಟೆ ಎಳೆಯಬೇಕು, ಪಟ್ಟಿ ಬಿಗಿಯಬೇಕು, ಆಮೇಲೆ ಬದಿಯ ಪರದೆ. ಒಬ್ಬರಿಂದ ಆಗುವ ಕೆಲಸವಲ್ಲ. ಹುಬ್ಬಳ್ಳಿಯಲ್ಲಿ ರಣಬಿಸಿಲು ನೋಡಿ ಹುಡ್ ತೆಗೆದು ಹೊರಟರೆ, ನವಲೂರು ದಾಟುತ್ತಿದ್ದಂತೆ ಧಾರವಾಡದ ಮಳೆ ಶುರು. ಧಾರವಾಡದವರು ಬಿಸಿಲಿದ್ದರೂ ಕೊಡೆ ಹಿಡಿದೇ ಮನೆ ಬಿಡುತ್ತಾರೆ, ಅವರಿಗೆ ಗೊತ್ತು. ನಾನೂ ಹೆಂಡತಿಯೂ ಕಮಾನಿನ ಎರಡು ತುದಿ ಹಿಡಿದು ಜಗಳವಾಡುವ ಹೊತ್ತಿಗೆ ಮಳೆ ನಿಂತಿತ್ತು. ಜಗಳ ಸಪ್ತಾಪುರದವರೆಗೂ ಬಂತು.

ಅದೂ ಗುಟ್ಟಾಗಿ ಅಲ್ಲ. ಪಕ್ಕದ ಲೇನಿನಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಬಂದು ಸಿಗ್ನಲ್ಲಿಗೆ ನಿಂತರೆ, ಎತ್ತರದ ಎಸಿ ಕಿಟಕಿಯಿಂದ ಅಷ್ಟೂ ಮಂದಿ ನಮ್ಮ ಜೀಪಿನೊಳಗೆ ಇಣುಕುತ್ತಾರೆ. ಚೀಲದಲ್ಲಿ ಬದನೆಕಾಯಿ ಎಷ್ಟಿದೆ, ಯಾರ ಮುಖ ಊದಿದೆ, ಎಲ್ಲ ಕಾಣುತ್ತದೆ. ಬೈಕಿನವರಂತೂ ಸೀದಾ ಕೇಳುತ್ತಾರೆ: "ಸರ, ಟಾಪ್ ಎಲ್ಲಿ ಹಾರಿ ಹೋತ್ರಿ?"

ಕಾಗದಪತ್ರದ ಕಥೆ ಜಾಸ್ತಿ ಹೇಳುವುದಿಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. 2025ರಲ್ಲಿ, 20 ವರ್ಷ ಮೀರಿದ ಕಾರು-ಜೀಪುಗಳಿಗೆ ಅದರ ಶುಲ್ಕವನ್ನು 10,000 ರೂಪಾಯಿ ಮಾಡಿದರು. ವಿಂಟೇಜ್ ಅನ್ನಿಸಿಕೊಂಡು ಮೆರೆಯಬೇಕಾದರೆ 50 ವರ್ಷ ಆಗಿರಬೇಕು. ನಮ್ಮ ಜೀಪಿಗೆ ಅಷ್ಟು ವಯಸ್ಸಿಲ್ಲ. ಮುದುಕ ಹೌದು, ಹಿರಿಯ ನಾಗರಿಕ ಅಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಸಂಗ ನಡೆದದ್ದು ಬ್ಯಾಡಗಿಯಿಂದ ಬರುವಾಗ. ಹಾವೇರಿಗೆ ಹೋಗುವುದಿದೆ ಎಂದು ಅತ್ತೆಗೆ ಗೊತ್ತಾಯಿತು. "ಹಂಗ ಮುಂದ ಹೋಗಿ ವರ್ಷದ ಮೆಣಸಿನಕಾಯಿ ತಂದಬಿಡ್ರಿ" ಅಂದರು. ಅಕ್ಕಪಕ್ಕದ ಮನೆಯವರದೂ ಸೇರಿಕೊಂಡಿತು. ಮುಚ್ಚಿದ ಕಾರಿದ್ದರೆ ಡಿಕ್ಕಿ ಚಿಕ್ಕದು ಅನ್ನಬಹುದಿತ್ತು. ಜೀಪಿನ ಹಿಂದೆ ಎಷ್ಟು ಜಾಗ ಇದೆ ಅನ್ನುವುದು ಇಡೀ ಓಣಿಗೆ ಗೊತ್ತು. ಮೋಟೆಬೆನ್ನೂರಿನಲ್ಲಿ ತಿರುಗಿ, ಸಂತೆ ಮುಗಿಸಿ, ಚೀಲ ಪೇರಿಸಿಕೊಂಡು ಹೆದ್ದಾರಿಗೆ ಬಂದೆವು. ಹುಡ್ ಇಲ್ಲದ ಗಾಡಿಯಲ್ಲಿ ಗಾಳಿ ಮುಂದಿನಿಂದ ಹೊಡೆಯುತ್ತದೆ ಅಂತ ನೀವು ತಿಳಿದಿರಬಹುದು. ಇಲ್ಲ. ಮುಂದಿನ ಗಾಜು ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಅದು ಸುತ್ತು ಹೊಡೆದು ಹಿಂದಿನಿಂದ ನಮ್ಮ ಕತ್ತಿಗೇ ಬರುತ್ತದೆ. ಹಿಂದೆ ಇದ್ದದ್ದು ಮೆಣಸಿನಕಾಯಿ.

ಬ್ಯಾಡಗಿಯ ಡಬ್ಬಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರ ಕಡಿಮೆ. ನಾಲಿಗೆಗೆ ಈ ಮಾತು ಸರಿ. ಮೂಗು ಒಪ್ಪುವುದಿಲ್ಲ. ಬಂಕಾಪುರ ಟೋಲ್ ಬರುವಷ್ಟರಲ್ಲಿ ಹೆಂಡತಿ ಸೆರಗಿನೊಳಗೆ ಮಾಯವಾಗಿದ್ದಳು, ನಾನು ಒಂದು ಕಣ್ಣಿನಲ್ಲಿ ಗಾಡಿ ಓಡಿಸುತ್ತಿದ್ದೆ. ಸಾಲಿನಲ್ಲಿ ನಿಂತೆವು. ಗಾಳಿ ಟೋಲ್ ಬೂತಿನ ಕಡೆಗಿತ್ತು. ಒಳಗಿದ್ದ ಹುಡುಗ ಸೀನಿದ, ಹಿಂದಿನ ಬೈಕಿನವನು ಸೀನಿದ, ಕಡಲೆ ಮಾರುವವಳು ಸೀನಿ ನಮಗೆ ಶಾಪ ಹಾಕಿದಳು. ಗೇಟು ಎಂದೂ ಇಲ್ಲದಷ್ಟು ಬೇಗ ತೆರೆಯಿತು. ನನ್ನ ಬಿಳಿ ಅಂಗಿಯ ಬೆನ್ನು ಮಾತ್ರ ಬ್ಯಾಡಗಿಯ ಬಣ್ಣ ಎಂಥದ್ದು ಅಂತ ಇವತ್ತಿಗೂ ತೋರಿಸುತ್ತದೆ.

ಇಷ್ಟಾದರೂ ಮಾರುವ ಮನಸ್ಸಿಲ್ಲ. ಮಾರಲು ಓಣಿಯವರು ಬಿಡುವುದೂ ಇಲ್ಲ. ಮೊನ್ನೆ ಹುಡುಗರು ಬಂದು ಗಣಪತಿ ಬಿಡುವ ದಿನಕ್ಕೆ ಜೀಪು ಬೇಕು ಅಂದರು. ಆಯ್ತು, ಎಷ್ಟು ಹೊತ್ತಿಗೆ ತರಲಿ ಅಂತ ಕೇಳಿದೆ. ಮುಖ ಮುಖ ನೋಡಿಕೊಂಡರು. ಅವರಲ್ಲಿ ದೊಡ್ಡವನು ಬಹಳ ಮರ್ಯಾದೆಯಿಂದ ಹೇಳಿದ:

"ಓಡ್ಸಾಕ ನಮ್ಮ ಹುಡುಗ ಅದಾನ್ರಿ ಸರ. ನೀವು ಹಿಂದಿಂದ ದಬ್ಬಿದ್ರ ಸಾಕು."