ಸೈರನ್ ಗೇಟಿನ ಹೊರಗಿನವರಿಗೂ ಅರ್ಥವಾಗಬೇಕು

ನಿನ್ನೆ ನಮ್ಮ ಬಡಾವಣೆಯ ಪಕ್ಕದ ಕಾರ್ಖಾನೆಯಲ್ಲಿ ಅಮೋನಿಯಾ ಸೋರಿಕೆಯ ಅಣಕು ಕಾರ್ಯಾಚರಣೆ ನಡೆಯಿತು. ಮುಖಕವಚ ತೊಟ್ಟ ಸಿಬ್ಬಂದಿ, ನೀರು ಚಿಮ್ಮಿಸುವ ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಎಲ್ಲವೂ ಅಚ್ಚುಕಟ್ಟಾಗಿದ್ದವು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಕಾಂಪೌಂಡಿನ ಈಚೆ ವಾಸಿಸುವ ನಮಗೆ ಮುಂಚಿತವಾಗಿ ಒಂದು ಮಾತನ್ನೂ ಯಾರೂ ಹೇಳಿರಲಿಲ್ಲ. ಸೈರನ್ ಕೇಳಿ ಬೀದಿಗೆ ಬಂದ ನೆರೆಯವರು, ಏನಾಯಿತೆಂದು ನೋಡಲು ಗೇಟಿನ ಕಡೆಗೇ ನಡೆದರು. ನಿಜವಾದ ಸೋರಿಕೆಯಾಗಿದ್ದರೆ ಅವರು ನೇರವಾಗಿ ಅನಿಲದೊಳಕ್ಕೇ ಹೋಗುತ್ತಿದ್ದರು ಎಂದು ನೆನೆದಾಗಲೆಲ್ಲ ಸಿಟ್ಟು ಉಕ್ಕುತ್ತದೆ.

ಹೊರಗಿನವರಿಗೆ ಹೇಳದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ದೇಶ ನೋಡಿದೆ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮಿಥೈಲ್ ಐಸೋಸೈನೇಟ್ ಎಂಬ ವಿಷಾನಿಲ ಹೊರಬಿದ್ದಾಗ, ಊರಿಗೆ ಕೇಳಿಸುವ ಸೈರನ್ನನ್ನು ಸ್ವಲ್ಪ ಹೊತ್ತಿನಲ್ಲೇ ನಿಲ್ಲಿಸಲಾಯಿತು. ಗಾಳಿಗಿಂತ ಭಾರವಾದ ಆ ಅನಿಲ ನೆಲಮಟ್ಟದಲ್ಲೇ ಹರಿಯುತ್ತಿದ್ದರೆ, ಜನ ದಿಕ್ಕು ತಿಳಿಯದೆ ಓಡಿದರು. ಓಡಿದಷ್ಟೂ ಹೆಚ್ಚು ಉಸಿರೆಳೆದುಕೊಂಡರು. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಿರಿ ಎಂಬ ಒಂದು ಮಾತು ಎಷ್ಟೋ ಜೀವಗಳನ್ನು ಉಳಿಸುತ್ತಿತ್ತು.

2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಕಾರ್ಖಾನೆಯೊಂದರಿಂದ ಸ್ಟೈರೀನ್ ಎಂಬ ವಿಷಕಾರಿ ರಾಸಾಯನಿಕದ ಆವಿ ಸೋರಿದಾಗಲೂ ಮಲಗಿದ್ದವರನ್ನು ಯಾವ ಸೈರನ್ನೂ ಎಬ್ಬಿಸಲಿಲ್ಲ. ಭೋಪಾಲದ ನಂತರ 1987ರಲ್ಲಿ ತಿದ್ದುಪಡಿಯಾದ ಕಾರ್ಖಾನೆ ಕಾಯ್ದೆ, ಸುತ್ತಲಿನ ಜನರಿಗೆ ಅಪಾಯದ ಮಾಹಿತಿ ಕೊಡಲೇಬೇಕೆಂದು ಹೇಳಿದ ಮೇಲೂ ಹೀಗಾಯಿತು.

ಜನರಿಗೆ ಹೇಳಿದರೆ ಭಯ ಹರಡುತ್ತದೆ ಎಂದು ನಮ್ಮ ಪಕ್ಕದ ಕಾರ್ಖಾನೆಯ ಅಧಿಕಾರಿಯೊಬ್ಬರು ನನಗೆ ಸಮಾಧಾನ ಹೇಳಿದರು. ಭೋಪಾಲದ ಸೈರನ್ ನಿಂತದ್ದರ ಹಿಂದೆಯೂ ಜನ ಗಾಬರಿಯಾಗಬಾರದೆಂಬ ಇದೇ ಯೋಚನೆಯಿತ್ತು. ಆ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ತಾಯಿಗೆ ಆಸ್ತಮಾ ಇರುವುದು ನಿಮಗೆಲ್ಲ ಗೊತ್ತು. ಆ ಗೋಡೆಯಾಚೆ ಏನು ಸಂಗ್ರಹವಾಗಿದೆಯೆಂದು ತಿಳಿಯದಿರುವುದೇ ನನ್ನ ಭಯ.

ಅನಿಲ ಪತ್ತೆ ಸಾಧನ ತೋರಿಸುವ ಅಂಕಿ ನಿಯಂತ್ರಣ ಕೊಠಡಿಯಲ್ಲೇ ಉಳಿದರೆ ಬೀದಿಯಲ್ಲಿರುವವರಿಗೆ ಏನು ಪ್ರಯೋಜನ? ಸೋರಿದ್ದು ಗಾಳಿಗಿಂತ ಭಾರವಾದ ಕ್ಲೋರಿನ್ ಆದರೆ ತಗ್ಗಿನಿಂದ ಮೇಲಕ್ಕೆ ಹೋಗಬೇಕು. ಅಮೋನಿಯಾ ನೀರಿನಲ್ಲಿ ಬೇಗ ಕರಗುವುದರಿಂದ ಒದ್ದೆ ಬಟ್ಟೆ ನೆರವಾಗುತ್ತದೆ. ಯಾವುದೇ ಆದರೂ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಸರಿಯಬೇಕು. ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚುಹಾಕಿ ಮನೆಮನೆಗೆ ಕೊಡುವುದು ಕಷ್ಟದ ಕೆಲಸವಲ್ಲ.

ರಾಸಾಯನಿಕ ಅವಘಡಗಳ ಕುರಿತ 1996ರ ನಿಯಮಗಳ ಪ್ರಕಾರ ಇಂಥ ಅವಘಡಗಳಿಗೆಂದೇ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಇರಬೇಕು. ಮುಂದಿನ ಅಣಕು ಕಾರ್ಯಾಚರಣೆಯಲ್ಲಿ ನಮ್ಮ ಬೀದಿಗಳನ್ನೂ ಸೇರಿಸಬೇಕೆಂದು ಆ ಸಮಿತಿಗೆ ಮನವಿ ಬರೆದಿದ್ದೇನೆ. ಬಡಾವಣೆಯ ಗೆಳೆಯರು ಭಾನುವಾರ ಮನೆಗೆ ಬಂದು ಸಹಿ ಹಾಕಿರಿ.